ಕಾಲ್ಗುಣ

ಕುತಾಯಿಸಿಯಲ್ಲಿ ಶಾಲೆ ಮುಚ್ಚಿ ಮೂರು ದಿನ.
ಮನೆಯೊಳಗೆ ಒಂದೇ ಸದ್ದು, ಅಕ್ರೋಟು ಒಡೆಯುವುದು.
ಅತ್ತೆ ನನೂಲಿ ಬಾಗಿಲ ಸಂದಿಗಿಟ್ಟು ಒಡೆಯುತ್ತಾಳೆ.
ಸುತ್ತಿಗೆ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ,
ಗೊತ್ತಿದ್ದ ಮಾವ ಈಗಿಲ್ಲ.
ಬಾಗಿಲು ಕಿರುಗುಟ್ಟಿದಾಗೆಲ್ಲ
ಬೆಕ್ಕು ತಲೆಯೆತ್ತುತ್ತದೆ.
ಯಾರೂ ಬಂದಿರುವುದಿಲ್ಲ.

ಒಲೆಯ ಮೇಲೆ ಜೇನು. ಕಣ್ಣು ಕೀಳಬೇಡ ಎಂದಿದ್ದಳು.
ಒಂದೇ ನಿಮಿಷ ಕಿತ್ತೆ. ಬಚ್ಚಲಲ್ಲಿ ಕೇಸೋ
ಗೊಂಬೆಯ ತಲೆಗೆ ನನ್ನ ಶಾಂಪೂ
ಬಾಟಲಿ ಪೂರ್ತಿ ಸುರಿದಿದ್ದಳು.
ತಿರುಗಿ ಬಂದರೆ ಜೇನು ಕಪ್ಪು.
ಅತ್ತೆ ಏನೂ ಅನ್ನಲಿಲ್ಲ, ಕಿಟಕಿ ತೆರೆದಳು.
ತೆರೆದ ರೀತಿಯಲ್ಲೇ ಎಲ್ಲ ಇತ್ತು.
ಎರಡನೇ ಪಾಕ ಹದಕ್ಕೆ ಬಂತು.
ಒದ್ದೆ ಹಲಗೆಯ ಮೇಲೆ ಲಟ್ಟಿಸಿ
ಗೊಜಿನಾಕಿ ಕೊಯ್ದೆವು, ಓರೆ ಓರೆ ತುಂಡು.

ಗೋಚಾ ಸಂತೆಯಿಂದ ಚಿಚಿಲಾಕಿ ತಂದ,
ಹೇಜಲ್ ಕೊಂಬೆಯನ್ನು ಹೆರೆದೂ ಹೆರೆದೂ
ಬಿಳಿ ಗಡ್ಡ ಇಳಿಬಿಟ್ಟ ಹಬ್ಬದ ಮರ.
ಕೇಸೋ ಬಾಚಣಿಗೆ ತಂದು ಬಾಚಿದಳು.
ಸಂಜೆಗೆ ನೆಲದ ತುಂಬ ಸುರುಳಿ,
ಮರಕ್ಕೆ ಅಲ್ಲಲ್ಲಿ ಕ್ಷೌರ.

ವರ್ಷದ ಮೊದಲ ದಿನ ಹೊಸ್ತಿಲು ದಾಟುವವರ
ಕಾಲ್ಗುಣವೇ ವರ್ಷವಿಡೀ ಮನೆಯ ಗುಣ.
ಗೋಚಾನ ಚಿಕ್ಕಪ್ಪ ಬದ್ರಿಯ ಕಾಲು
ಆಗಲೇ ನಾಲ್ಕು ಮನೆಗೆ ಬುಕ್ಕಾಗಿದೆ.
ಅವನು ತುಳಿದ ವರ್ಷ ಗೋಚಾನಿಗೆ ಕೆಲಸ ಸಿಕ್ಕಿತು,
ಗೋಡೆಯೊಳಗಿನ ಇಲಿ ತಾನಾಗಿ ಹೊರಟುಹೋಯಿತು.
ಜ್ವರ ಬಂದು ಅವನು ಬಾರದ ವರ್ಷ
ಏನಾಯಿತೆಂದು ಅತ್ತೆ ಹೇಳುವುದಿಲ್ಲ.

ಮೇಲಿನ ಮನೆಯ ಝುಝೂನಾ ಜೊತೆ
ಮೂರು ವರ್ಷದಿಂದ ಮಾತಿಲ್ಲ.
ಕಾರಣ ನಮ್ಮ ಅಡುಗೆಮನೆಯ ಸೀಲಿಂಗಿನಲ್ಲಿದೆ:
ಹಳದಿ ಕಲೆ, ಬೇಸಿಗೆಯಲ್ಲಿ ಕುದುರೆ, ಚಳಿಗಾಲದಲ್ಲಿ ಹಸು.
"ನನ್ನ ನಲ್ಲಿಯದಲ್ಲ" ಎಂದಿದ್ದಳು ಅವಳು.
"ಹಾಗಾದರೆ ಆಕಾಶದ್ದು" ಎಂದಿದ್ದಳು ಅತ್ತೆ.
ಈಗ ಮೆಟ್ಟಿಲಲ್ಲಿ ಎದುರಾದರೆ
ಇಬ್ಬರೂ ಚೀಲದೊಳಗೆ ಬೀಗದಕೈ ಹುಡುಕುತ್ತಾರೆ.

ಒಂದನೇ ತಾರೀಖು, ಬೆಳಗಿನ ಎಂಟು.
ಬಾಲ್ಕನಿಯ ಟವೆಲು ಹಲಗೆಯಂತೆ ಸೆಟೆದು
ರಾತ್ರಿಯ ಪಟಾಕಿಯ ವಾಸನೆ ಹೊತ್ತಿತ್ತು.
ಬದ್ರಿಯ ಫೋನು: ಎರಡನೇ ಮನೆಯಲ್ಲಿದ್ದೇನೆ,
ಕುಡಿಸುತ್ತಿದ್ದಾರೆ, ಬರುತ್ತೇನೆ,
ಅಲ್ಲಿತನಕ ಯಾರನ್ನೂ ಒಳಗೆ ಬಿಡಬೇಡಿ.
ಮೇಲೆ ಏನೋ ಸಿಡಿಯಿತು.
ಉಳಿದ ಪಟಾಕಿ ಅಂದುಕೊಂಡೆವು.
ಸೀಲಿಂಗಿನ ಹಸು ಮೆಲ್ಲಗೆ ಹೊಟ್ಟೆ ಬಿಟ್ಟಿತು,
ಗೊಜಿನಾಕಿಯ ತಟ್ಟೆಗೆ ಒಂದು ಹನಿ,
ಆಮೇಲೆ ಎಣಿಸಲಾಗಲಿಲ್ಲ.

ಬಾಗಿಲು ಬಡಿತ. ಕೇಸೋ ತೆರೆದೇಬಿಟ್ಟಳು.
ನೈಟಿಯ ಮೇಲೆ ಗಂಡನ ಕೋಟು,
ಎಡಗಾಲಿಗೆ ರಬ್ಬರ್ ಚಪ್ಪಲಿ,
ಬಲಗಾಲಲ್ಲಿ ನೀರು ಸೋರುವ ಕಾಲುಚೀಲ,
ಕೈಯಲ್ಲಿ ಬಕೆಟ್ಟು. ಝುಝೂನಾ.
"ಪೈಪು" ಎಂದಳು.
ಸ್ವಲ್ಪ ಹೊತ್ತು ಬಿಟ್ಟು, "ನನ್ನದೇ."
ಹೊಸ್ತಿಲಾಚೆಯೇ ನಿಂತಳು.
ಇವತ್ತು ಯಾವ ದಿನವೆಂದು ಅವಳಿಗೂ ಗೊತ್ತು.

ಅತ್ತೆ ಸೀಲಿಂಗು ನೋಡಿದಳು. ಬಕೆಟ್ಟು ನೋಡಿದಳು.
ಬಹಳ ಹೊತ್ತು ಆ ಕಾಲುಚೀಲವನ್ನೇ ನೋಡಿದಳು.
"ಒದ್ದೆಯಾದರೂ ಬಲಗಾಲೇ ಮುಂದಿಡು" ಎಂದಳು.

ಮೊದಲು ಬಂದವರು ಸಿಹಿ ಎರಚಬೇಕು.
ಗಂಡನ ಕೋಟಿನ ಜೇಬು ತಡಕಿದಳು ಝುಝೂನಾ.
ಒಂದು ಬಸ್ ಟಿಕೇಟು,
ಕೆಮ್ಮಿಗೆ ಚೀಪುವ ಪುದೀನ ಗುಳಿಗೆ ಮೂರು.
ಎರಚಿದಳು. ಎರಡು ಕೇಸೋಗೆ ಸಿಕ್ಕವು,
ಒಂದನ್ನು ಬೆಕ್ಕು ಸೋಫಾದಡಿ ತಳ್ಳಿತು.

ಹನ್ನೊಂದಕ್ಕೆ ಬಂದ ಬದ್ರಿ, ಮೂಗು ಕೆಂಪಗೆ.
"ಯಾರು ಬಂದಿದ್ದು?" ಎಂದು ಶುರುಮಾಡಿ
ಮೇಲೆ ನೋಡಿ ಸುಮ್ಮನಾಗಿ ಪ್ಯಾಂಟು ಮಡಚಿದ.
ಅವಳ ಸಿಂಕಿನ ಕೆಳಗೆ, ತುಕ್ಕಿನ ಡಬ್ಬಿಯ ಹಿಂದೆ,
ನಮ್ಮ ಸುತ್ತಿಗೆ ಸಿಕ್ಕಿತು.
ಹಿಡಿಯ ಮೇಲೆ ಮಾವ ಕೊರೆದ ಹೆಸರು.
ಎರವಲು ಕೊಟ್ಟಿದ್ದನಂತೆ, ಯಾರಿಗೂ ಹೇಳದೆ.

ಎರಡನೇ ತಾರೀಖು ಹೇಗೆ ಕಳೆಯುತ್ತದೋ
ವರ್ಷವೆಲ್ಲ ಹಾಗೇ ಎನ್ನುತ್ತಾರೆ ಇಲ್ಲಿ.
ನಾವು ಚಾಪೆ ಹಿಂಡಿದೆವು.
ಅತ್ತೆಯೂ ಝುಝೂನಾಳೂ ಅಕ್ರೋಟು ಒಡೆದರು,
ಒಂದೇ ಸುತ್ತಿಗೆ, ಸರದಿಯ ಮೇಲೆ,
ಮಾತು ಹೆಚ್ಚಿಲ್ಲ.
ನಾನು ಜೇನಿನ ಮುಂದೆ ನಿಂತಿದ್ದೆ.
ಬಚ್ಚಲಿಂದ ಕೇಸೋ ಕೂಗಿದಳು.
ಕೂಗಲಿ.